ನೀರೊಳಗೆ ಫೋಟೊ ತೆಗೆಯಲು ಸಣ್ಣ ಕ್ಯಾಮೆರಾ ಸಾಕಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡುವ ಪ್ಲ್ಯಾನ್ ಇದೆ. ನನ್ನ ಕಾಂಪ್ಯಾಕ್ಟ್ ಕ್ಯಾಮೆರಾ 15 ಮೀಟರ್‌ವರೆಗೆ ವಾಟರ್‌ಪ್ರೂಫ್. ಸಾಕಾ? ಮೊದಲು ಆಲಮಟ್ಟಿ ಹಿನ್ನೀರಿನಲ್ಲಿ ಪ್ರ್ಯಾಕ್ಟೀಸ್ ಮಾಡಲಾ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಕ್ಯಾಮೆರಾ ಸಾಕು, ಹಿನ್ನೀರು ಮಾತ್ರ ಬೇಡ. ಕದಡಿದ ನೀರಲ್ಲಿ ಏನೂ ಕಾಣಲ್ಲ, ಇಳಿಯುವುದೂ ಅಪಾಯ. ಈಜುಕೊಳಕ್ಕೆ ಹೋಗಿ, ಗೆಳೆಯರ ಮುಖವನ್ನೇ ತೆಗೆಯಿರಿ. ಹೊಸಬರನ್ನು ಸಾಮಾನ್ಯವಾಗಿ 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ, ಹಾಗಾಗಿ ಕ್ಯಾಮೆರಾಕ್ಕೆ ಹಾಕುವ ವಾಟರ್‌ಪ್ರೂಫ್ ಕವಚ, ಅಂದರೆ ಬೇರೆ ಹೌಸಿಂಗ್‌ಗೆ ದುಡ್ಡು ಹಾಕಬೇಡಿ. ಆದರೆ ಬ್ಯಾಟರಿ ಬಾಗಿಲಿನ ರಬ್ಬರ್ ಸೀಲ್ ನೋಡಿಕೊಳ್ಳಿ, ಅಲ್ಲಿ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೂ ನೀರು ಒಳಗೆ ಹೋಗುತ್ತದೆ.

ಇನ್ನು ಬಣ್ಣದ ವಿಷಯ. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಎಲ್ಲವೂ ನೀಲಿ-ಹಸಿರು, ಕೆಂಪು ಮೀನು ಕೂಡ ಬೂದುಬಣ್ಣ. ಕ್ಯಾಮೆರಾದಲ್ಲಿ ಅಂಡರ್‌ವಾಟರ್ ಮೋಡ್ ಇದ್ದರೆ ಅದನ್ನೇ ಹಾಕಿ, ಸ್ವಲ್ಪ ಬಣ್ಣ ವಾಪಸ್ ಬರುತ್ತದೆ. ಜೂಮ್ ಮುಟ್ಟಲೇಬೇಡಿ! ನಡುವೆ ನೀರು ಜಾಸ್ತಿ ಆದಷ್ಟೂ ಫೋಟೊ ಮಂಕು, ಒಂದು ಮೀಟರ್‌ಗಿಂತ ಹತ್ತಿರ ಹೋಗಿ ತೆಗೆಯಿರಿ. ಹವಳ ಮಾತ್ರ ಮುಟ್ಟಬೇಡಿ. ಫ್ಲ್ಯಾಶ್ ಹಾಕಿದರೆ ನೀರಲ್ಲಿ ತೇಲುವ ಕಣಗಳೆಲ್ಲ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ, ಆಫ್ ಇರಲಿ.

ನನ್ನ ಕೇಳಿದರೆ ಮೊದಲ ಡೈವ್‌ಗೆ ಕ್ಯಾಮೆರಾ ದೋಣಿಯಲ್ಲೇ ಬಿಡಿ. ಉಸಿರಾಟ, ಕಿವಿಯ ಒತ್ತಡ ಸರಿ ಮಾಡಿಕೊಳ್ಳೋದು, ಇಷ್ಟೇ ಸಾಕಷ್ಟು ಕೆಲಸ ಅಲ್ವಾ? ತೆಗೆಯಲೇಬೇಕೆಂದರೆ ಮೊದಲು ತರಬೇತುದಾರರನ್ನು ಕೇಳಿ, ಕ್ಯಾಮೆರಾದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಮೇಲೆ ಬಂದ ಕೂಡಲೇ ಬ್ಯಾಟರಿ ಬಾಗಿಲು ತೆರೆಯದೆ ಕ್ಯಾಮೆರಾವನ್ನು ಸಿಹಿನೀರಲ್ಲಿ ನೆನೆಸಿಡಿ.