ಗುತ್ತಿನ ಮನೆಯ ನೇಮಕ್ಕೆ ಹೋಗಲೋ ಬೇಡವೋ?

ಪ್ರಶ್ನೆ: ನಮ್ಮದು ದಕ್ಷಿಣ ಕನ್ನಡದ ಗುತ್ತಿನ ಮನೆ, ಅಂದರೆ ಊರಿನ ಹಳೇ ಜಮೀನ್ದಾರಿ ಮನೆತನ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಈ ಸಲದ ನೇಮಕ್ಕೆ (ದೈವಕ್ಕೆ ನಡೆಸುವ ಉತ್ಸವ) ಮಗಳನ್ನೂ ಕರೆದುಕೊಂಡು ಬಾ ಅಂತ ಮಾವ (ಅಮ್ಮನ ಅಣ್ಣ) ಹೇಳಿದ್ದಾರೆ. ಈಚೆಗೆ ಮನೆಯ ಹಳೇ ಕಾಗದಪತ್ರ ನೋಡಿದೆ. ಗದ್ದೆ, ಎತ್ತು, ಮೂಲದಾಳುಗಳ (ತಲೆತಲಾಂತರದಿಂದ ಜಮೀನಿಗೇ ಕಟ್ಟುಬಿದ್ದ ಆಳುಗಳ) ಹೆಸರು, ಎಲ್ಲ ಒಂದೇ ಪಟ್ಟಿಯಲ್ಲಿ. ಆ ಆಳುಗಳ ಕುಟುಂಬದ ಅಜ್ಜಿಯೊಬ್ಬರು ಈಗಲೂ ನಮ್ಮ ತೋಟದ ಅಂಚಿನಲ್ಲಿದ್ದಾರೆ. 'ಮನೆಮಕ್ಕಳ ಹಾಗೆ ನೋಡಿಕೊಂಡಿದ್ದೆವು' ಅನ್ನುತ್ತಾರೆ ಮಾವ. ಹೋಗುವುದೇ ಬೇಡ ಅನ್ನಿಸುತ್ತದೆ. ಒಮ್ಮೊಮ್ಮೆ, ನೇಮದ ದಿನ ಎಲ್ಲರೆದುರು ಆ ಅಜ್ಜಿಯ ಕಾಲು ಹಿಡಿದು ಕ್ಷಮೆ ಕೇಳೋಣ ಅಂತಲೂ ಅನ್ನಿಸುತ್ತದೆ.

ಉತ್ತರ: ಹೋಗಿ. ಆದರೆ ಕಾಲು ಹಿಡಿಯಬೇಡಿ. ಊರಿನವರೆಲ್ಲ ನೋಡುತ್ತಿರುವಾಗ ಆ ಅಜ್ಜಿ 'ಅಯ್ಯೋ ಬೇಡ, ಏಳಿ' ಅನ್ನದೆ ಇನ್ನೇನು ಅಂದಾರು? ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬಂತು, ಅಲ್ವಾ?

ಮಾವನ ಹತ್ತಿರ ಜಗಳ ಬೇಡ. ಆದರೂ ಮನೆಮಕ್ಕಳ ಹೆಸರನ್ನು ಯಾರೂ ಎತ್ತುಗಳ ಜತೆ ಬರೆಯುವುದಿಲ್ಲ. ಆ ಕಾಗದ ಮುಂದಿಟ್ಟು, ಇವರೆಲ್ಲ ಯಾರು, ಎಲ್ಲಿ ಮಲಗುತ್ತಿದ್ದರು, ಕೂಲಿ ಏನಿತ್ತು ಅಂತ ಕೇಳಿ. ಗುಲಾಮಗಿರಿಯನ್ನು ಕೋರ್ಟುಗಳು ಒಪ್ಪಬಾರದೆಂದು 1843ರಲ್ಲೇ ಕಾಯ್ದೆ ಬಂತು. ಆಮೇಲೂ ಸಾಲದ ಹೆಸರಿನಲ್ಲಿ ಜೀತ ನಡೆದೇ ಇತ್ತು. ಅದನ್ನು ರದ್ದು ಮಾಡಲು 1976ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು. ಮಾವನ ಕಣ್ಣೆದುರಿನ ಕಾಲ ಅದು, ಅಜ್ಜನ ಕಾಲದ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ.

ಅವರು '1974ರ ಭೂಸುಧಾರಣೆಯಲ್ಲಿ ನಾವೂ ಗದ್ದೆ ಕಳೆದುಕೊಂಡೆವು' ಅನ್ನಬಹುದು. ನಿಜ. ಆದರೆ ಆ ಗದ್ದೆ ಹೋದದ್ದು ಗೇಣಿದಾರರಿಗೆ. ಮೂಲದಾಳು ಗೇಣಿ ಕೊಡುವವನಲ್ಲ, ಬರೀ ದುಡಿಯುವವನು. ಹೆಚ್ಚಿನ ಕಡೆ ಅವನ ಪಾಲಿಗೆ ಏನೂ ಬರಲಿಲ್ಲ. ಕೃಷಿಕೂಲಿಯವರು ವಾಸವಿದ್ದ ಮನೆ ಅವರಿಗೇ ಆಗಲಿ ಎಂಬ ಅವಕಾಶವೂ ಕಾನೂನಿನಲ್ಲಿತ್ತು. ಧಣಿಯ ಎದುರು ಅರ್ಜಿ ಹಾಕುವ ಧೈರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು?

ಹಾಗಾಗಿ ಹೊರಡುವ ಮೊದಲು ಪಹಣಿ ತೆಗೆಸಿ ನೋಡಿ. ಅಜ್ಜಿಯ ಮನೆಯ ಜಾಗ ಇನ್ನೂ ನಿಮ್ಮವರ ಹೆಸರಿನಲ್ಲಿದ್ದರೆ ನಿಮ್ಮ ಕೆಲಸ ಅಲ್ಲೇ ಇದೆ. ಕುಟುಂಬದ ಆಸ್ತಿಯಾದರೆ ಪಾಲುದಾರರೆಲ್ಲರ ಸಹಿ ಬೇಕು. ಮನಸ್ತಾಪ ಆಗುತ್ತದೆ, ಆಗಲಿ. ನೇಮ ಮುಗಿದ ಮೇಲೊಂದು ದಿನ ಅಜ್ಜಿಯ ಮನೆಗೆ ಹೋಗಿ, ಅವರಿಗೇನು ಬೇಕು ಕೇಳಿ. ಮಾತು ಬೇಡ ಅಂದರೆ ಸುಮ್ನೆ ಬನ್ನಿ. ಜಾಗ ಅವರ ಹೆಸರಿಗೆ ಮಾಡಿಸುವುದನ್ನು ಮಾತ್ರ ಬಿಡಬೇಡಿ.

ನೇಮದ ದಿನ ಅವರ ಮನೆಯವರಿಗೆ ಬೇರೆ ಪಂಕ್ತಿ ಹಾಕುತ್ತಾರಾ ಅಂತಲೂ ನೋಡಿ. ಹಾಕಿದರೆ ಹಳೇ ಕಾಗದದ ಅಗತ್ಯವೇ ಇಲ್ಲ, ಮಾವನ ಹತ್ತಿರ ಅದನ್ನೇ ಮೊದಲು ಮಾತಾಡಿ. ಮಗಳೂ ಜತೆಗಿರಲಿ.