ಎನ್‌ಟಿಪಿಡಿ ಓಡುತ್ತಿದೆ, ಆದರೆ ಕೇಳಿದ್ದಕ್ಕೆ ಉತ್ತರ ಇಲ್ಲ

ಪ್ರಶ್ನೆ: ನಮ್ಮ ಆಫೀಸಿನ ಹಳೆಯ ಲಿನಕ್ಸ್ ಸರ್ವರ್‌ನಲ್ಲಿ ಎನ್‌ಟಿಪಿಡಿ (ನೆಟ್‌ವರ್ಕ್ ಮೂಲಕ ಗಡಿಯಾರವನ್ನು ಸರಿಯಾಗಿಡುವ ಪ್ರೋಗ್ರಾಂ) ಇದೆ. ಪಿಎಸ್ ಕಮಾಂಡ್ ಕೊಟ್ಟರೆ ಪ್ರೋಸೆಸ್ ಕಾಣುತ್ತದೆ. ಆದರೆ ಅದೇ ಮೆಷಿನ್‌ನಲ್ಲಿ ಅದರ ಸ್ಥಿತಿ ಕೇಳುವ ಎನ್‌ಟಿಪಿಕ್ಯೂ ಕಮಾಂಡ್ ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು 'ಟೈಮ್ಡ್ ಔಟ್' ಅನ್ನುತ್ತದೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಸೆಕ್ಯುರಿಟಿಗೆಂದು ಇತ್ತೀಚೆಗೆ ಕಾನ್ಫಿಗ್ ಬದಲಿಸಿದ್ದೆವು. ಏನು ಮಾಡಲಿ?

ಉತ್ತರ: ಮೊದಲು ರೀಸ್ಟಾರ್ಟ್ ಮಾಡುವುದನ್ನು ಬಿಡಿ. ಪ್ರತಿ ಸಲವೂ ಪಾಪ, ಅದು ಲೆಕ್ಕವನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬಂದಿರುವ ಎರರ್ ಅನ್ನೇ ನೋಡಿ. ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಇಲ್ಲಿ ಎನ್‌ಟಿಪಿಡಿ) ಸತ್ತಿದ್ದರೆ ಸಾಮಾನ್ಯವಾಗಿ 'ಕನೆಕ್ಷನ್ ರೆಫ್ಯೂಸ್ಡ್' ಬರುತ್ತದೆ, ಏಕೆಂದರೆ ಅದು ಕಿವಿಗೊಡುವ ಯುಡಿಪಿ 123ನೇ ಪೋರ್ಟ್‌ನಲ್ಲಿ ಯಾರೂ ಇರುವುದಿಲ್ಲ. 'ಟೈಮ್ಡ್ ಔಟ್' ಅಂದರೆ ನಿಮ್ಮ ಪ್ಯಾಕೆಟ್ ಅನ್ನು ಯಾರೋ ಸದ್ದಿಲ್ಲದೆ ಎಸೆಯುತ್ತಿದ್ದಾರೆ. ಅದು ಫೈರ್‌ವಾಲ್ ಇರಬಹುದು. ಆದರೆ ನೀವು ಹೇಳಿದ್ದು ನೋಡಿದರೆ ನನ್ನ ಅನುಮಾನ ಎನ್‌ಟಿಪಿಡಿಯ ಮೇಲೆಯೇ.

ಕಾನ್ಫಿಗ್‌ನಲ್ಲಿ ಯಾರಿಗೆ ಏನು ಅನುಮತಿ ಎಂದು ಹೇಳುವ ರಿಸ್ಟ್ರಿಕ್ಟ್ ಸಾಲುಗಳನ್ನು ಹುಡುಕಿ. 2014ರ ಆರಂಭದಲ್ಲಿ ಮಾನ್‌ಲಿಸ್ಟ್ ಎಂಬ ಪ್ರಶ್ನೆಯನ್ನು ಬಳಸಿ ದೊಡ್ಡ ದೊಡ್ಡ ದಾಳಿಗಳು ನಡೆದವು. ಸಣ್ಣ ಪ್ಯಾಕೆಟ್ ಕಳಿಸಿದರೆ ಸರ್ವರ್ ತನ್ನನ್ನು ಸಂಪರ್ಕಿಸಿದ ಕೊನೆಯ 600 ವಿಳಾಸಗಳವರೆಗೆ ಪಟ್ಟಿ ಕೊಡುತ್ತಿತ್ತು. ಅಂದಿನಿಂದ ಎಲ್ಲರಿಗೂ ಅನ್ವಯಿಸುವ 'ಡೀಫಾಲ್ಟ್' ಸಾಲಿನಲ್ಲಿ ನೋಕ್ವೆರಿ (ಸ್ಥಿತಿ ಕೇಳಿದರೆ ಉತ್ತರ ಬೇಡ ಎಂಬ ಆಯ್ಕೆ) ಹಾಕುವುದು ರೂಢಿ. ಹಾಕಲೇಬೇಕು ಕೂಡ. ಆದರೆ ಮನೆಯವರಿಗೆ, ಅಂದರೆ ಅದೇ ಮೆಷಿನ್‌ಗೆ, ಬಾಗಿಲು ತೆರೆದಿಡುವುದನ್ನು ತುಂಬಾ ಜನ ಮರೆಯುತ್ತಾರೆ. ಅದಕ್ಕೆ ಎರಡು ಸಾಲು ಬೇಕು: ಒಂದು ರಿಸ್ಟ್ರಿಕ್ಟ್ 127.0.0.1 (ಮೆಷಿನ್‌ನ ಸ್ವಂತ ಐಪಿವಿ4 ವಿಳಾಸ), ಇನ್ನೊಂದು ರಿಸ್ಟ್ರಿಕ್ಟ್ ::1 (ಐಪಿವಿ6 ವಿಳಾಸ).

ಎರಡನೆಯದು ಬಿಟ್ಟುಹೋಗುವುದೇ ಜಾಸ್ತಿ. ಮೆಷಿನ್ ತನ್ನನ್ನೇ ಕರೆದುಕೊಳ್ಳುವ ಲೋಕಲ್‌ಹೋಸ್ಟ್ ಎಂಬ ಹೆಸರು ಈಗ ಎಷ್ಟೋ ಕಡೆ ಮೊದಲು ಐಪಿವಿ6 ವಿಳಾಸಕ್ಕೆ ಹೋಗುತ್ತದೆ. ಅಲ್ಲಿ ನಿಮಗೆ ಅನುಮತಿ ಇಲ್ಲ, ಹಾಗಾಗಿ ಮೌನ. ಪರೀಕ್ಷಿಸುವುದು ಸುಲಭ: ಎನ್‌ಟಿಪಿಕ್ಯೂಗೆ 127.0.0.1 ಎಂದು ವಿಳಾಸವನ್ನೇ ಕೊಟ್ಟು ನೋಡಿ. ಉತ್ತರ ಬಂದರೆ ಕಳ್ಳ ಸಿಕ್ಕಿದ ಹಾಗೆ. ಹೆಸರಿನ ಬದಲು ವಿಳಾಸವನ್ನೇ ತೋರಿಸುವ ಮೈನಸ್ ಎನ್ ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಡಿಎನ್ಎಸ್ (ಹೆಸರು ಹುಡುಕುವ ಸೇವೆ) ನಿಧಾನವಾದಾಗಲೂ ಟೈಮ್ ಸರ್ವರ್‌ಗಳ ಪಟ್ಟಿ ಬರದೆ ನಿಂತಂತೆ ಕಾಣುತ್ತದೆ.

ನೋಕ್ವೆರಿ ಮಾತ್ರ ಇದ್ದರೆ ಗಾಬರಿ ಬೇಡ, ಗಡಿಯಾರ ಒಳಗೊಳಗೇ ಸರಿಹೋಗುತ್ತಿರುತ್ತದೆ. 'ಡೀಫಾಲ್ಟ್ ಇಗ್ನೋರ್' ಇದ್ದರೆ ಕಥೆ ಬೇರೆ. ಆಗ ಹೊರಗಿನ ಟೈಮ್ ಸರ್ವರ್‌ಗಳ ಉತ್ತರವನ್ನೂ ಅದು ಬಿಸಾಡುತ್ತದೆ. ಪಟ್ಟಿಯಲ್ಲಿ ರೀಚ್ (ಸರ್ವರ್‌ನಿಂದ ಉತ್ತರ ಬಂದಿದೆಯೇ ಎಂದು ತೋರಿಸುವ ಅಂಕಿ) 0 ಆಗಿಯೇ ಉಳಿಯುತ್ತದೆ. ಇಗ್ನೋರ್ ತೆಗೆದು ನೋಮಾಡಿಫೈ, ನೋಟ್ರ್ಯಾಪ್, ನೋಕ್ವೆರಿ ಹಾಕಿ.

ಮುಂದೊಂದು ದಿನ ಪ್ರೋಸೆಸ್ಸೇ ಕಾಣದಿದ್ದರೆ ಸಿಸ್‌ಲಾಗ್ (ಸಿಸ್ಟಂನ ದಾಖಲೆ) ನೋಡಿ. ಮೆಷಿನ್‌ನ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ವ್ಯತ್ಯಾಸ 1000 ಸೆಕೆಂಡ್ ದಾಟಿದರೆ ಎನ್‌ಟಿಪಿಡಿ ತಾನೇ ನಿಂತುಬಿಡುತ್ತದೆ. ಹಳೆಯ ಮೆಷಿನ್‌ನಲ್ಲಿ ಕರೆಂಟ್ ಇಲ್ಲದಾಗ ಗಡಿಯಾರವನ್ನು ಓಡಿಸುವ ಸಿಎಂಒಎಸ್ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದರೆ ಹೀಗಾಗುವುದು ಮಾಮೂಲಿ. ಮೈನಸ್ ಜಿ ಆಯ್ಕೆ ಕೊಟ್ಟು ಶುರು ಮಾಡಿದರೆ ಅಂಥ ದೊಡ್ಡ ಜಿಗಿತವನ್ನು ಒಂದು ಸಲ ಒಪ್ಪುತ್ತದೆ. ಬ್ಯಾಟರಿಯನ್ನೂ ಬದಲಿಸಿ.

ಕಾನ್ಫಿಗ್ ತಿದ್ದಿ ಒಂದೇ ಒಂದು ರೀಸ್ಟಾರ್ಟ್ ಮಾಡಿ, ಕಾಯಿರಿ. ರೀಚ್ ಎಂಬುದು ಆಕ್ಟಲ್ (ಎಂಟರ ಆಧಾರದ) ಅಂಕಿ, ಕೊನೆಯ ಎಂಟು ವಿಚಾರಣೆಗಳ ಫಲ. ಎಂಟಕ್ಕೂ ಉತ್ತರ ಬಂದಾಗ 377 ಆಗುತ್ತದೆ. ವಿಚಾರಣೆ 64 ಸೆಕೆಂಡಿಗೊಮ್ಮೆ ನಡೆದರೆ ಅದಕ್ಕೆ ಸುಮಾರು ಎಂಟು ನಿಮಿಷ ಬೇಕು.