ಕಪ್ಪು ಬಟ್ಟೆ ಕಟ್ಟಿದರೂ ಫೋಟೋದಲ್ಲಿ ಹಿನ್ನೆಲೆ ಬೂದು ಬಣ್ಣಕ್ಕೆ ಬರುವುದೇಕೆ?

ದಾಸವಾಳದ ಕುಂಡದ ಹಿಂದೆ ಕಪ್ಪು ಬಟ್ಟೆ ಕಟ್ಟಿದರೂ ಫೋಟೋದಲ್ಲಿ ಅದು ಬೂದಿ ಬಳಿದ ಹಾಗೆ ಬರುತ್ತೆ, ಸುಕ್ಕೆಲ್ಲ ಎದ್ದು ಕಾಣುತ್ತೆ ಅಂತ ಕೇಳಿದ್ದೀರಿ. ಬಟ್ಟೆ ಬದಲಿಸಬೇಡಿ, ಮೊದಲು ಅದನ್ನು ದೂರ ಸರಿಸಿ. ಹೂವಿಗೆ ಬೀಳುವಷ್ಟೇ ಬೆಳಕು ಅದಕ್ಕೂ ಬಿದ್ದರೆ ಎಂಥ ಕಪ್ಪೂ ಕಪ್ಪಾಗಿ ಉಳಿಯುವುದಿಲ್ಲ. ರಾತ್ರಿ ಟೇಬಲ್ ಲ್ಯಾಂಪ್ ಹಾಕಿ ನೋಡಿ: ಲ್ಯಾಂಪಿನಿಂದ ಹೂವು 1 ಅಡಿ, ಬಟ್ಟೆ 3 ಅಡಿ ದೂರ ಇದ್ದರೆ ಬಟ್ಟೆಗೆ ಸಿಗುವುದು ಹೆಚ್ಚುಕಡಿಮೆ 9ರಲ್ಲಿ 1 ಪಾಲು ಬೆಳಕು, ಅಷ್ಟೇ.

ತುಮಕೂರಿನ ನಮ್ಮ ಮನೆಯಲ್ಲಿ ನಾನು ಬಟ್ಟೆಯನ್ನೇ ಕಟ್ಟುವುದಿಲ್ಲ. ಬೆಳಗಿನ ಬೆಳಕು ಪಕ್ಕದಿಂದ ಬೀಳುವ ಹಾಗೆ ಕುಂಡವನ್ನು ಹೊಸ್ತಿಲ ಆಚೆ ಇಟ್ಟು, ನಡುಮನೆಯ ಲೈಟ್ ಆರಿಸಿ, ಕಿಟಕಿ ಮುಚ್ಚಿ, ಹೊರಗೆ ನಿಂತು ಬಾಗಿಲ ಕಡೆಗೆ ಕ್ಯಾಮೆರಾ ಹಿಡಿಯುತ್ತೇನೆ. ಒಳಗಿನ ಕತ್ತಲೇ ಹಿನ್ನೆಲೆ. ಬಟ್ಟೆಯೇ ಬೇಕು ಅಂದರೆ ಮಖಮಲ್ ತನ್ನಿ. ಸ್ಯಾಟಿನ್, ಚಾರ್ಟ್ ಪೇಪರ್ ಎರಡೂ ಹೊಳೆಯುತ್ತವೆ.

ಇಷ್ಟಾದರೂ ಕ್ಯಾಮೆರಾ ಸುಮ್ನೆ ಇರುವುದಿಲ್ಲ. ಫ್ರೇಮಿನ ತುಂಬ ಕಪ್ಪು ಕಂಡರೆ ಬೆಳಕು ಸಾಲದು ಅಂದುಕೊಂಡು ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋ ಎಷ್ಟು ಬೆಳಗಬೇಕು ಅಂತ ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್) -1ರಿಂದ -2ರವರೆಗೆ ಇಳಿಸಿ. ಮೊಬೈಲ್ ಆದರೆ ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ.

ಕೆಂಪು ದಾಸವಾಳಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಇಳಿಸಬೇಕು, ಇದನ್ನು ಮಾತ್ರ ಮರೆಯಬೇಡಿ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನಲ್ಲಿ ಕೆಂಪು ಬಣ್ಣ ಉಳಿದೆರಡಕ್ಕಿಂತ, ಅಂದರೆ ಹಸಿರು, ನೀಲಿಗಿಂತ, ಮೊದಲೇ ತುಂಬಿ ಹೋಗುತ್ತದೆ. ಆಮೇಲೆ ಎಸಳಿನ ನರಗಳು, ಅಂಚಿನ ನೆರಿಗೆ ಎಲ್ಲ ಅಳಿಸಿ ಬರೀ ಕೆಂಪು ಬಳಿದಂತೆ ಕಾಣುತ್ತದೆ, ಎಡಿಟಿಂಗಿನಲ್ಲೂ ಅದು ವಾಪಸ್ ಬರುವುದಿಲ್ಲ. ಹಿಸ್ಟೋಗ್ರಾಮ್ (ಫೋಟೋದಲ್ಲಿ ಬೆಳಕು ಎಲ್ಲಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಇದ್ದರೆ ಕೆಂಪಿನ ಗೆರೆಯನ್ನೇ ಬೇರೆಯಾಗಿ ನೋಡಿ. ಫೋಕಸ್ ನಡುವಿನ ಕಡ್ಡಿಯ ತುದಿಗೆ ಇರಲಿ. ಅಲ್ಲಿ ಐದು ಪುಟ್ಟ ಕೆಂಪು ಗುಂಡುಗಳಿರುತ್ತವೆ, ಅವುಗಳ ಕೆಳಗೆ ಹಳದಿ ಪುಡಿ. ಕಪ್ಪಿನ ಮೇಲೆ ಆ ಹಳದಿ ಎಷ್ಟು ಚೆಂದ ಅಲ್ವಾ!

ಟ್ರೈಪಾಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8 ಇಡಿ. ಶಟರ್ ನಿಧಾನ ಆಗುತ್ತದೆ, ಹೂವು ಅಲುಗಿದರೆ ಮಸುಕಾಗುತ್ತದೆ, ಹಾಗಾಗಿ ಫ್ಯಾನ್ ಆಫ್ ಮಾಡಿ. ನೆರಳಿನ ಕಡೆಯ ಎಸಳು ತೀರಾ ಕಪ್ಪಾದರೆ ಆ ಪಕ್ಕಕ್ಕೆ ಒಂದು ಬಿಳಿ ಥರ್ಮೋಕೋಲ್ ತುಂಡು ಹಿಡಿಯಿರಿ. ಆದರೆ ಅದರ ಬೆಳಕು ಹಿಂದಕ್ಕೆ ಹೋಗದ ಹಾಗೆ ನೋಡಿಕೊಳ್ಳಿ.